ಹೈಲ್ಯಾಂಡ್ಸ್ ಚಳಿಗೆ ಹೊರಡುವ ಮುನ್ನ ವ್ಯಾನಿಗೊಂದು ಗ್ಯಾಸ್ ಹೀಟರ್

ಸ್ಕಾಟ್ಲೆಂಡಿನ ಎ9 ರಸ್ತೆಯಲ್ಲಿ ಪರ್ತ್ ದಾಟಿ ಡ್ರಮಾಕ್ಟರ್ ಕಣಿವೆ ಏರುವಷ್ಟರಲ್ಲಿ, ಜನವರಿಯಾದರೆ, ನಾಲ್ಕು ಗಂಟೆಗೇ ಬೆಳಕು ಇಳಿದಿರುತ್ತದೆ. ಮರುದಿನ ಒಂಬತ್ತರ ಹತ್ತಿರದವರೆಗೆ ವ್ಯಾನೇ ಮನೆ. ಹಾಗಾಗಿ ಹೀಟರ್ ಕೆಲಸ ಊರಲ್ಲೇ ಮುಗಿಯಬೇಕು. ದಾರಿಯಲ್ಲಿ ರಿಪೇರಿ ಮಾಡಿಕೊಂಡರಾಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊದಲು ಗ್ಯಾಸ್. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಬ್ಯೂಟೇನ್ ಸಿಲಿಂಡರ್ ಸೊನ್ನೆ ಡಿಗ್ರಿ ಹತ್ತಿರ ಕೈಕೊಡುತ್ತದೆ: ಅಲ್ಲಾಡಿಸಿದರೆ ಒಳಗೆ ಕುಲುಕುತ್ತದೆ, ಆವಿಯಾಗಿ ಹೊರಗೆ ಬರುವುದಿಲ್ಲ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಅದನ್ನೇ ಒಯ್ಯಿರಿ. ಬ್ರಿಟನ್ನಿನಲ್ಲಿ ಅದರ ಸಿಲಿಂಡರ್ ಕೆಂಪು ಬಣ್ಣದ್ದು. ನಮ್ಮ ಅಡುಗೆಮನೆ ಸಿಲಿಂಡರಿಗೆ ಪಳಗಿದ ಕೈ ಇಲ್ಲಿ ಎಡವುವ ಒಂದು ಜಾಗವಿದೆ. ಪ್ರೊಪೇನ್ ನಟ್ಟಿನದು ಎಡಮುರಿ ಥ್ರೆಡ್, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ನಟ್ಟಿನ ಮೂಲೆಗಳಲ್ಲಿ ಕಾಣುವ ಸಣ್ಣ ಕಚ್ಚುಗಳು ಅದರ ಗುರುತು.

ಹೀಟರ್ ಆರಿಸುವಾಗ, ಉರಿಯಲು ಬೇಕಾದ ಗಾಳಿಯನ್ನು ವ್ಯಾನಿನ ಕೆಳಗಿಂದಲೇ ಎಳೆದು ಹೊಗೆಯನ್ನೂ ಕೆಳಗೇ ಬಿಡುವಂಥದ್ದು ಮಾತ್ರ ಸಾಕು. ಒಳಗಿನ ಗಾಳಿಯಲ್ಲಿ ಉರಿಯುವ ಹೀಟರ್ ಹಚ್ಚಿ ಮಲಗಬಾರದು. ಪ್ರೊಪೆಕ್ಸ್ ಎಚ್‌ಎಸ್2000 ಸಣ್ಣ ವ್ಯಾನಿಗೆ ಹೊಂದುತ್ತದೆ: ಸುಮಾರು 1.9 ಕಿಲೋವ್ಯಾಟ್, ಗಂಟೆಗೆ 142 ಗ್ರಾಂ ಗ್ಯಾಸ್. 3.9 ಕಿಲೋ ಸಿಲಿಂಡರ್ ಒಂದೇ ಸಮನೆ ಉರಿದರೆ 27 ಗಂಟೆ. ಥರ್ಮೋಸ್ಟಾಟ್ ಅದನ್ನು ಮೂರರಲ್ಲೊಂದು ಪಾಲು ಹೊತ್ತು ಮಾತ್ರ ಉರಿಸಿದರೆ ಐದು ರಾತ್ರಿ ಸಿಗುತ್ತದೆ.

ಗಾಳಿ, ಹೊಗೆಯ ಕೊಳವೆಗಳನ್ನು ಇಳಿಸಲು ವ್ಯಾನಿನ ನೆಲ ಕೊರೆಯುವ ಮುನ್ನ ಅದರ ಅಡಿ ಮಲಗಿ ಬ್ರೇಕ್ ಪೈಪ್, ಡೀಸೆಲ್ ಟ್ಯಾಂಕ್, ವೈರು ಎಲ್ಲೆಲ್ಲಿವೆ ನೋಡಿಕೊಳ್ಳಿ. ಕೊರೆದ ಅಂಚಿಗೆ ಜಿಂಕ್ ಪ್ರೈಮರ್ ಬಳಿಯದಿದ್ದರೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಒಂದೇ ಚಳಿಗಾಲದಲ್ಲಿ ತುಕ್ಕು ಹಿಡಿಸುತ್ತದೆ.

ಹೆಚ್ಚು ಜನ ತಪ್ಪುವುದು ಹೊಗೆಕೊಳವೆಯಲ್ಲಿ. ಪೂರ್ತಿ ಉರಿಯುವಾಗ ಗಂಟೆಗೆ ಸುಮಾರು 230 ಗ್ರಾಂ ನೀರಾವಿ ಅದರಲ್ಲಿ ಹೋಗುತ್ತದೆ. ಕೊಳವೆ ಎಲ್ಲಾದರೂ ಜೋತುಬಿದ್ದಿದ್ದರೆ ನೀರು ಅಲ್ಲಿ ನಿಂತು ದಾರಿ ಕಟ್ಟುತ್ತದೆ. ಹೀಟರ್ ಹೊತ್ತಿಕೊಂಡು ಆರುತ್ತದೆ, ಮತ್ತೆ ಹೊತ್ತುತ್ತದೆ, ಆರುತ್ತದೆ. ಮೊದಲಿನಿಂದ ಕೊನೆಯವರೆಗೆ ಇಳಿಜಾರಿರಲಿ. ಬಾಯಿ ವ್ಯಾನಿನ ಅಡಿಯಲ್ಲೇ ಮುಗಿಯದೆ ಪಕ್ಕದ ಅಂಚಿನವರೆಗೆ ಬರಲಿ, ಗಾಳಿ ಎಳೆಯುವ ಬಾಯಿಂದ ದೂರವಿರಲಿ.

ಗ್ಯಾಸಿಗೆ 8 ಮಿಲಿಮೀಟರ್ ತಾಮ್ರದ ಪೈಪು, 30 ಮಿಲಿಬಾರ್ ರೆಗ್ಯುಲೇಟರ್. ಗರಗಸ ಬೇಡ, ಪೈಪ್ ಕಟರ್ ಬಳಸಿ. ಲೋಹದ ಪುಡಿ ವಾಲ್ವಿನಲ್ಲಿ ಕೂತರೆ ಹೀಟರ್ ಹಾಳು. ಬೆಸುಗೆಯಿಲ್ಲದೆ ನಟ್ಟು, ಉಂಗುರ ಬಿಗಿದು ಪೈಪು ಕೂಡಿಸುವ ಕಂಪ್ರೆಷನ್ ಜಾಯಿಂಟನ್ನು ಮೊದಲು ಕೈಯಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಒಂದು ಸುತ್ತಿನಷ್ಟು ಸಾಕು. ಇನ್ನೂ ಒತ್ತಿದರೆ ಹಿತ್ತಾಳೆ ಉಂಗುರ ಪೈಪನ್ನು ಕಚ್ಚಿ ಸೋರುವಂತಾಗುತ್ತದೆ. ಸೋರಿಕೆ ನೋಡಲು ಪಾತ್ರೆ ತೊಳೆಯುವ ದ್ರವ ಬೇಡ, ಅದರ ಉಪ್ಪು ಲೋಹ ತಿನ್ನುತ್ತದೆ. ಸೋರಿಕೆ ಪತ್ತೆಯ ದ್ರವವೇ ಸಿಗುತ್ತದೆ. ಸಿಲಿಂಡರ್ ಪೆಟ್ಟಿಗೆ ವ್ಯಾನಿನ ಒಳಭಾಗಕ್ಕೆ ಪೂರ್ತಿ ಮುಚ್ಚಿರಬೇಕು, ತಳದಲ್ಲಿ ಹೊರಕ್ಕೆ ತೂತಿರಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಹರಿಯುತ್ತದೆ.

ಮೊದಲ ಸಲ ಹಚ್ಚಿದಾಗ ಪೈಪಿನಲ್ಲಿರುವ ಗಾಳಿಯಿಂದ ಹೀಟರ್ ಒಂದೆರಡು ಸಲ ಲಾಕ್ ಆಗುವುದು, ಅಂದರೆ ಹೊತ್ತಿಕೊಳ್ಳದೆ ತಾನೇ ನಿಂತುಬಿಡುವುದು ಸಹಜ. ಅದೇ ಪ್ರಯಾಣದ ನಡುರಾತ್ರಿ ಹಾಗಾದರೆ ಬ್ಯಾಟರಿ ನೋಡಿ. ಸಪೂರ ವೈರಿನಲ್ಲಿ ವೋಲ್ಟೇಜ್ ಬೀಳುತ್ತದೆ, 2.5 ಚದರ ಮಿಲಿಮೀಟರ್ ವೈರು ಹಾಕಿದರೆ ಈ ತಲೆನೋವು ಹತ್ತಿರ ಸುಳಿಯುವುದಿಲ್ಲ.

ಹೊರಡುವ ಮುಂಚೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ), ಕ್ಯಾಂಪರ್ ವಾಹನಗಳ ಎಲ್‌ಪಿಜಿ ಕೆಲಸಕ್ಕೆ ಅರ್ಹತೆಯಿರುವ ಎಂಜಿನಿಯರ್ ಕೈಲಿ ಒತ್ತಡ ಪರೀಕ್ಷೆ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಪತ್ತೆಹಚ್ಚುವ ಅಲಾರಂ ಕೊಳ್ಳುವಾಗ ಇಎನ್ 50291-2 ಮಾನದಂಡದ ಗುರುತು ನೋಡಿ, ಅದು ವಾಹನಗಳಿಗೆಂದೇ ಇರುವುದು.

ಇನ್ವರ್ನೆಸ್‌ನಲ್ಲೇ ತುಂಬಿದ ಸಿಲಿಂಡರ್ ತೆಗೆದುಕೊಳ್ಳಿ. ಅಲ್ಲಿಂದ ಉತ್ತರಕ್ಕೆ ಅಂಗಡಿಗಳು ವಿರಳ. ರಾತ್ರಿ ಹಿಮ ಬಿದ್ದರೆ ಮಲಗುವ ಮುನ್ನ ಒಮ್ಮೆ, ಎಚ್ಚರವಾದಾಗಲೊಮ್ಮೆ ಟಾರ್ಚ್ ಹಿಡಿದು ಹೊರಗಿಳಿದು ಹೊಗೆಕೊಳವೆಯ ಬಾಯಿ ಸುತ್ತ ಹಿಮ ಸರಿಸಿ.