ಎಷ್ಟು ತರಬಹುದು ಅಂತ ಕೇಳಿದವರಿಗೆ

ಉಡುಪಿಯ ಒಂದು ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡುವ ಕೆಲಸ ನನ್ನದು. ಗಲ್ಫಿಗೆ ಹೋಗಿ ಬರುವವರೇ ಹೆಚ್ಚು. 2019ರಲ್ಲಿ ಒಂದು ಬೆಳಿಗ್ಗೆ, ಇನ್ನೂ ಶಟರ್ ಎತ್ತಿರಲಿಲ್ಲ, ಬಜ್ಪೆ ಏರ್‌ಪೋರ್ಟಿನಿಂದ ಫೋನ್. "ಎಂತ ಮಾರಾಯ್ರೆ, ನೀವು ಹೇಳಿದ್ದೊಂದು, ಇಲ್ಲಿ ಆಗುವುದೊಂದು. ಕಸ್ಟಮ್ಸಿನವರು ಟಿವಿಗೆ ಡ್ಯೂಟಿ ಕಟ್ಟಿ ಅಂತಾರೆ. ಹದಿನೈದು ಸಾವಿರದ ನಾನೂರು!"

ಫೋನ್ ಮಾಡಿದವರು ಹಿಂದಿನ ತಿಂಗಳು ಹೆಂಡತಿಯ ಜೊತೆ ದುಬೈಯಲ್ಲಿರುವ ಮಗನ ಮನೆಗೆ ಹೋಗಿದ್ದರು. ಸೊಸೆಯ ಬಾಣಂತನ. ವಿಸಿಟ್ ವೀಸಾ, ಟಿಕೆಟ್ ಎಲ್ಲ ಮಾಡಿಕೊಟ್ಟದ್ದು ನಾನೇ. ಹೋಗುವಾಗ ನನ್ನದು ಭಾರೀ ಜಾಗ್ರತೆ. ಸಾಮಾನಿನ ಚೀಟಿ ಓದಿಸಿ ಗಸಗಸೆ ತೆಗೆಸಿದ್ದೆ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕ. ಸಿಕ್ಕಿಬಿದ್ದರೆ ಪೊಲೀಸು, ಕೋರ್ಟು. "ಹುರಿದು ಮಸಾಲೆ ಪುಡಿಯಲ್ಲಿ ಸೇರಿಸಿದ್ದೇನೆ, ಕಾಣುವುದಿಲ್ಲ" ಎಂದರು ಅವರ ಹೆಂಡತಿ. ಆ ಡಬ್ಬಿಯನ್ನೂ ಮನೆಯಲ್ಲೇ ಬಿಡಿಸಿದೆ.

ಬರುವಾಗಿನ ವಿಷಯಕ್ಕೆ ಮಾತ್ರ ಉಡಾಫೆ. ಅವರು ದುಬೈಯಿಂದ ಫೋನ್ ಮಾಡಿ "ಎಷ್ಟರದ್ದು ತರಬಹುದು?" ಎಂದು ಕೇಳಿದಾಗ ನಾನು ಇನ್ನೊಬ್ಬರ ಟಿಕೆಟ್ ಮಾಡುತ್ತಿದ್ದೆ. "ಒಬ್ಬರಿಗೆ 50,000, ಇಬ್ಬರಿಗೆ ಒಂದು ಲಕ್ಷ. ಗ್ರೀನ್ ಚಾನೆಲಿನಲ್ಲಿ ಆರಾಮ ಬನ್ನಿ" ಎಂದು ಇಟ್ಟುಬಿಟ್ಟೆ. ಎರಡು ವಾಕ್ಯ, ಮೂರು ತಪ್ಪು.

50,000 ಎಂಬುದು ಡ್ಯೂಟಿ ಇಲ್ಲದೆ ತರುವ ಸಾಮಾನಿಗೆ ಆಗ ಇದ್ದ 2016ರ ಬ್ಯಾಗೇಜ್ ನಿಯಮದ ಮಿತಿ, ಸರಿಯೇ. ಆದರೆ ಗಂಡನದ್ದು ಹೆಂಡತಿಯದ್ದು ಕೂಡಿಸಿ ಒಂದೇ ವಸ್ತುವಿಗೆ ಹಚ್ಚುವಂತಿಲ್ಲ ಎಂದು ಅದೇ ನಿಯಮದಲ್ಲಿ ಬರೆದಿತ್ತು. ಎಲ್ಇಡಿ ಟಿವಿಯಂತೂ ಆ ಮಿತಿಯ ಒಳಗೇ ಬರುವುದಿಲ್ಲ. 2013ರ ಆಗಸ್ಟಿನಿಂದ ಚಪ್ಪಟೆ ಟಿವಿಗೆ ಮೊದಲ ರೂಪಾಯಿಯಿಂದಲೇ ಡ್ಯೂಟಿ. 2019ರಲ್ಲಿ 35 ಶೇಕಡಾ, ಅದರ ಮೇಲೆ ಹತ್ತನೇ ಒಂದು ಪಾಲು ಸರ್ಚಾರ್ಜ್, ಒಟ್ಟು 38.5. ಅವರ ಟಿವಿಗೆ 40,000 ಬೆಲೆ ಹಿಡಿದರು, 15,400 ಆಯಿತು. ಇನ್ನು ಗ್ರೀನ್ ಚಾನೆಲ್. ಡ್ಯೂಟಿ ಕಟ್ಟುವಂಥದ್ದು ಏನೂ ಇಲ್ಲದವರ ದಾರಿ ಅದು. ಡ್ಯೂಟಿ ಬೀಳುವ ಸಾಮಾನು ಹಿಡಿದು ಅಲ್ಲಿ ನಡೆದರೆ ಸಾಮಾನು ಜಪ್ತಿ ಮಾಡಿ ದಂಡ ಹಾಕುವ ಅಧಿಕಾರ ಕಸ್ಟಮ್ಸಿನವರಿಗುಂಟು. ಪುಣ್ಯಕ್ಕೆ ಈ ಮನುಷ್ಯ ತಾನಾಗಿಯೇ ಬಿಲ್ ತೋರಿಸಿದ್ದರು. ಡ್ಯೂಟಿಯಲ್ಲೇ ಮುಗಿಯಿತು. 55 ಇಂಚಿನ ಪೆಟ್ಟಿಗೆಯನ್ನು ಬಚ್ಚಿಡುವುದಾದರೂ ಎಲ್ಲಿ!

ಆ ದಿನ ಸಂಜೆ ಅವರು ಅಂಗಡಿಗೆ ಬಂದು ರಸೀದಿಯನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ನಾನು ಮೊತ್ತ ಹೇಳುವುದನ್ನು ಬಿಟ್ಟೆ. "ಎಷ್ಟು ತರಬಹುದು?" ಎಂದರೆ "ಎಂತ ತರ್ತೀರಿ?" ಎಂದು ಕೇಳುತ್ತೇನೆ. ಬ್ಲಾಂಕೆಟ್, ಟ್ಯಾಂಗ್, ನಿಡೋ, ಬಾದಾಮಿ, ಖರ್ಜೂರ, ಹಗ್ಗ ಕಟ್ಟಿ ಮಾರ್ಕರಿನಲ್ಲಿ ಹೆಸರು ಬರೆದ ಆ ಕಾರ್ಟನ್‌ಗಳಿಂದ ಯಾರಿಗೂ ತೊಂದರೆ ಆದದ್ದು ನಾನು ನೋಡಿಲ್ಲ. ಲ್ಯಾಪ್‌ಟಾಪ್ ಒಂದಿದ್ದರೆ, 18 ದಾಟಿದವರಿಗೆ, ಮಿತಿಯ ಹೊರಗೆ ಪುಕ್ಕಟೆ. ಬಾಟ್ಲಿ ಎರಡು ಲೀಟರ್, ಸಿಗರೇಟು 100. ಡ್ರೋನ್, ಇ-ಸಿಗರೇಟು ಬೇಡವೇ ಬೇಡ.

ತಲೆನೋವು ಚಿನ್ನದ್ದು. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆ ಎಂದು ಊರೆಲ್ಲ ಬಾಯಿಪಾಠ. ಅದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿ ಬಂದವರಿಗೆ ಮಾತ್ರ ಎಂಬ ಅರ್ಧ ಯಾರಿಗೂ ನೆನಪಿಲ್ಲ. ಒಂದು ತಿಂಗಳು ಬಾಣಂತನಕ್ಕೆ ಹೋದ ಅಜ್ಜಿಗೆ ಆ ರಿಯಾಯಿತಿ ಇಲ್ಲ. ನಾಣ್ಯ, ಬಿಸ್ಕತ್ತು ಒಡವೆಯಲ್ಲ. ಇಲ್ಲಿಂದಲೇ ದಪ್ಪ ಬಳೆ, ಸರ ಹಾಕಿಕೊಂಡು ಹೋಗುವವರಿಗೆ, ವಾಪಸು ಬರುವಾಗ ಅದಕ್ಕೆ ಡ್ಯೂಟಿ ಕೇಳದಂತೆ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಸರ್ಟಿಫಿಕೇಟ್ ಮಾಡಿಸಿಕೊಳ್ಳಿ ಎನ್ನುತ್ತೇನೆ. ಹತ್ತರಲ್ಲಿ ಒಬ್ಬರೂ ಮಾಡಿಸುವುದಿಲ್ಲ. ವಿಮಾನ ತಪ್ಪುವ ಹೆದರಿಕೆ.

ಹಳೆಯ ನಿಯಮದಲ್ಲಿ ಈ ತೂಕಕ್ಕೆ ಬೆಲೆಯ ಕಟ್ಟೂ ಇತ್ತು, ಹೆಂಗಸರಿಗೆ ಒಂದು ಲಕ್ಷ, ಗಂಡಸರಿಗೆ 50,000. ಗ್ರಾಮಿಗೆ 10,000 ದಾಟಿದ ಮೇಲೆ 40 ಗ್ರಾಂ ಎಂಬುದು ಕಾಗದದಲ್ಲಷ್ಟೇ ಉಳಿದಿತ್ತು. 2026ರ ಫೆಬ್ರವರಿಯಿಂದ ಹೊಸ ನಿಯಮ ಬಂದು ಬೆಲೆಯ ಕಟ್ಟು ಹೋಗಿದೆ, ತೂಕ ಮಾತ್ರ ನೋಡುತ್ತಾರೆ. ಸಾಮಾನಿನ ಮಿತಿಯೂ 75,000ಕ್ಕೆ ಏರಿದೆ. ಸುದ್ದಿ ಬಂದ ವಾರ ಫೋನಿನ ಮೇಲೆ ಫೋನ್: "ಹಾಗಾದರೆ ಇಬ್ಬರಿಗೆ ಒಂದೂವರೆ ಲಕ್ಷ ಅಲ್ವಾ?"

ಅದೇ ಗಂಡ ಹೆಂಡತಿ ಈಗ ಎರಡನೇ ಮೊಮ್ಮಗುವಿಗೆಂದು ಹೊರಟಿದ್ದಾರೆ. ಸರ್ವಿಸ್ ಚಾರ್ಜ್ ನಾನು ಹಿಡಿಯಲಿಲ್ಲ, ಅವರೂ ಕೇಳಲಿಲ್ಲ. ಟಿಕೆಟ್ ಪ್ರಿಂಟ್ ಮಡಚುತ್ತಾ ಅವರು ಹೆಂಡತಿಯ ಕಡೆ ತಿರುಗಿ, "ಗಸಗಸೆ ಇಲ್ಲ ತಾನೇ?" ಎಂದರು. ಹೆಂಡತಿ ಉತ್ತರ ಕೊಡದೆ ಕೈಚೀಲದ ಜಿಪ್ ಎಳೆದುಕೊಂಡರು.