ಕಪಾಟಿನ ಕೆಳಗಿನ ಅರೆಯಲ್ಲಿದ್ದ ಪಿಸ್ತೂಲು

ಪುಣೆಯ ಪಿಂಪ್ರಿ-ಚಿಂಚ್‌ವಡ ಭಾಗದ ಒಂದು ಸಣ್ಣ ಶೂಟಿಂಗ್ ರೇಂಜಿನಲ್ಲಿ ನಾನು ಆರ್ಮರರ್ ಆಗಿ ಕೆಲಸ ಮಾಡುತ್ತೇನೆ. ಮಕ್ಕಳಿಗೆ ಗುರಿ ಹಿಡಿಯುವುದನ್ನು ಕಲಿಸುವವರು ಕೋಚ್; ಅವರ ಕೈಯಲ್ಲಿರುವ ಏರ್ ಪಿಸ್ತೂಲು, ಏರ್ ರೈಫಲ್‌ಗಳ ಗಾಳಿ ಸೋರದಂತೆ ತಡೆಯುವ ಸೀಲ್, ಟ್ರಿಗರ್, ಗುರಿ ನೋಡುವ ಸೈಟ್, ಹಿಡಿ ಸರಿಯಾಗಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಗಾವಿಯಲ್ಲಿ ಐಟಿಐ ಫಿಟರ್ ಕಲಿತು ಇಲ್ಲಿಗೆ ಬಂದವನಾದ ನನಗೆ ಈ ಕಸುಬಿನ ಹೆಚ್ಚಿನ ಪಾಠಗಳನ್ನು ಕಲಿಸಿದ್ದು ಬೆಂಚಿನ ಮೇಲೆ ಬಿಚ್ಚಿಟ್ಟ ಪಿಸ್ತೂಲುಗಳೇ. ಆದರೆ ಇಲ್ಲಿ ಹೇಳಹೊರಟಿರುವ ಪಾಠವನ್ನು ನಾನು ಕಲಿತದ್ದು ಒಂದು ಹುಡುಗಿಯ ಪಂದ್ಯ ಕೆಟ್ಟ ದಿನ, ಮತ್ತು ಅದು ಕೆಟ್ಟದ್ದು ನನ್ನ ತಪ್ಪಿನಿಂದ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಇದೇ ಪುಣೆಯ ಬಾಳೇವಾಡಿಯಲ್ಲಿ ಅಭ್ಯಾಸ ಮಾಡಿದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದರು. ಆಮೇಲಿನ ತಿಂಗಳುಗಳಲ್ಲಿ ಮಕ್ಕಳ ಕೈ ಹಿಡಿದುಕೊಂಡು ನಮ್ಮಲ್ಲಿಗೆ ಬಂದ ತಂದೆತಾಯಿಗಳಲ್ಲಿ ಇಂಡಿ ತಾಲ್ಲೂಕಿನಿಂದ ಬಂದು ಭೋಸರಿಯಲ್ಲಿ ನೆಲೆಸಿರುವ ಲೇತ್ ಆಪರೇಟರ್ ಒಬ್ಬರಿದ್ದರು. ನಾನು ಕನ್ನಡದವನೆಂದು ತಿಳಿದ ಕೂಡಲೇ ಅವರ ಮುಖ ಅರಳಿತು. ಮೂರು ತಿಂಗಳು ರೇಂಜಿನ ಪಿಸ್ತೂಲಿನಲ್ಲಿ ಕಲಿತ ಮಗಳು ಚೆನ್ನಾಗಿ ಹೊಡೆಯತೊಡಗಿದ್ದನ್ನು ಕಂಡು, "ಸರ, ನನ್ನ ಮಗಳಿಗೆ ಛಲೋದೊಂದು ಕೊಡಸ್ರಿ. ರೊಕ್ಕದ ಚಿಂತಿ ನಾ ಮಾಡ್ತೀನಿ" ಎಂದರು. ಲೇತಿನ ಸಂಬಳದಲ್ಲಿ ಲಕ್ಷ ದಾಟುವ ವಿದೇಶಿ ಪಿಸ್ತೂಲು ಕೊಳ್ಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದ್ದರಿಂದ ಒಬ್ಬ ಹಳೆಯ ಶೂಟರ್‌ನಿಂದ ಸೆಕೆಂಡ್ ಹ್ಯಾಂಡ್ ಪಿಸ್ತೂಲೊಂದನ್ನು ಕೊಡಿಸಿದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಿಕೊಂಡು ಹೊಡೆಯುವ ಪಿಸ್ತೂಲು ಅದು. ಇಂದು ದೊಡ್ಡ ಪಂದ್ಯಗಳಲ್ಲಿ ಎಲ್ಲರ ಕೈಯಲ್ಲೂ ಕಾಣುವುದು ಆ ಜಾತಿಯೇ.

ಬ್ಯಾರೆಲ್ ನೋಡಿದೆ, ಟ್ರಿಗರ್ ತೂಗಿದೆ, ಗಾಳಿ ಸೋರುವುದಿಲ್ಲವೆಂದು ಎರಡು ದಿನ ಗೇಜ್ ಗಮನಿಸಿದೆ. ಆದರೆ ಸಿಲಿಂಡರನ್ನು ಒಮ್ಮೆ ತಿರುಗಿಸಿ, ಅದರ ಮೈಮೇಲೆ ಒತ್ತಿದ್ದ ತಯಾರಿಕೆಯ ದಿನಾಂಕವನ್ನು ಓದಲಿಲ್ಲ.

ಪಂದ್ಯದ ಬೆಳಿಗ್ಗೆ ಸಲಕರಣೆ ತಪಾಸಣೆಯ ಮೇಜಿನ ಮುಂದೆ ಸಾಲಿನಲ್ಲಿ ನಿಂತಿದ್ದೆವು. 10 ಮೀಟರ್ ಏರ್ ಪಿಸ್ತೂಲಿನ ನಿಯಮಗಳು ಸ್ಪಷ್ಟವಾಗಿವೆ: ತೂಕ 1,500 ಗ್ರಾಂ ಮೀರಬಾರದು, 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಪಿಸ್ತೂಲು ಕೂರಬೇಕು. ಬ್ಯಾರೆಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು ಟ್ರಿಗರಿಗೆ 500 ಗ್ರಾಂ ತೂಕ ತಗುಲಿಸಿ ಎತ್ತಿದಾಗ ಟ್ರಿಗರ್ ಬಿಡಬಾರದು. ಈ ಮೂರರಲ್ಲೂ ಪಾಸಾಯಿತು. ನಾಲ್ಕನೆಯದಾಗಿ ಅಧಿಕಾರಿ ಸಿಲಿಂಡರನ್ನು ತಿರುಗಿಸಿ ಕನ್ನಡಕ ಸರಿಮಾಡಿಕೊಂಡು ದಿನಾಂಕ ಓದಿದರು. ಗಾಳಿಯ ಸಿಲಿಂಡರಿನ ಆಯುಷ್ಯ ಗರಿಷ್ಠ 10 ವರ್ಷ. ಅದನ್ನು ನೋಡಿಕೊಳ್ಳುವ ಹೊಣೆ ಶೂಟರ್‌ನದೇ. ನಮ್ಮದು ದಾಟಿ ಹೋಗಿತ್ತು. ಒಂದು ಕಂಪನಿಯ ಸಿಲಿಂಡರ್ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಪಿಸ್ತೂಲಿಗೆ ಕೂರುವುದಿಲ್ಲ. ಆ ಮಾದರಿಯ ಸಿಲಿಂಡರ್ ಅಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ.

ಅವಳ ಸರದಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಗಾಡಿ ಹತ್ತಿ ರೇಂಜಿಗೆ ಓಡಿದೆ. ಬೇರೆ ಮಕ್ಕಳು ತಮ್ಮ ತಮ್ಮ ಪಿಸ್ತೂಲು ಒಯ್ದಿದ್ದರಿಂದ ಕಪಾಟಿನಲ್ಲಿ ಉಳಿದಿದ್ದದ್ದು ಒಂದೇ: ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟ, ರಷ್ಯಾದ ಇಝೆವ್‌ಸ್ಕ್‌ನಲ್ಲಿ ತಯಾರಾದ ಬೈಕಾಲ್ ಇಜ್-46ಎಂ. ಅದನ್ನು ವರ್ಷಕ್ಕೆರಡು ಸಲ ಒರೆಸಿಡುತ್ತಿದ್ದೆ ಅಷ್ಟೆ. ನೋಡಲು ಚೆಂದವಿಲ್ಲ, ಬಣ್ಣವಿಲ್ಲ, ಹಿಡಿ ದಪ್ಪ. ಹೊಸ ಮಕ್ಕಳು ಅದನ್ನು ಕೈಗೆತ್ತಿಕೊಂಡು ಹಾಗೆಯೇ ಇಟ್ಟುಬಿಡುತ್ತಿದ್ದರು, ನಾನೂ ಬೇಡವೆನ್ನುತ್ತಿರಲಿಲ್ಲ.

ಆ ದಿನ ಅದರಲ್ಲೇ ಅವಳು 60 ಗುಂಡುಗಳಲ್ಲಿ 538 ಅಂಕ ಗಳಿಸಿದಳು. ಅಭ್ಯಾಸದಲ್ಲಿ ತನ್ನ ಪಿಸ್ತೂಲಿನಲ್ಲಿ 545ರ ಆಸುಪಾಸು ಬರುತ್ತಿತ್ತು. ಹತ್ತು ಗುಂಡುಗಳ ಕೊನೆಯ ಸರಣಿಯಲ್ಲಿ 84ಕ್ಕೆ ಇಳಿದದ್ದೇ ದೊಡ್ಡ ಪೆಟ್ಟು. "ಕಾಕಾ, ಕೈ ಭಾಳ ನೋಯಾಕತ್ತೈತ್ರಿ" ಎಂದು ಅಂಗೈ ಚಾಚಿದಳು. ಹೆಬ್ಬೆರಳಿನ ಬುಡ ಕೆಂಪಗೆ ಬಾತಿತ್ತು. ಮುಂದಿನ ಹಂತಕ್ಕೆ ಅವಳು ಹೋಗಲಿಲ್ಲ. ಅವಳ ತಂದೆಯ ಬಳಿ ನಾನು ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಅದರಿಂದ ನನ್ನ ಭಾರ ಹೆಚ್ಚೇ ಆಯಿತು.

ಆದರೆ ಮನೆಗೆ ಬಂದು ಅವಳ ಅಂಕಪಟ್ಟಿಯನ್ನು ಮತ್ತೆ ನೋಡಿದಾಗ ನನಗೊಂದು ಸಂಗತಿ ಹೊಳೆಯಿತು. ಎಂದೂ ಮುಟ್ಟದ, ಕೈಗೆ ಹೊಂದದ ಹಿಡಿಯ ಪಿಸ್ತೂಲಿನಲ್ಲಿ ಮೊದಲ ನಾಲ್ಕು ಸರಣಿಗಳನ್ನು ಅವಳು ತನ್ನ ಮಾಮೂಲಿ ಮಟ್ಟದಲ್ಲೇ ಹೊಡೆದಿದ್ದಳು. ಹಾಗಾದರೆ ಪಿಸ್ತೂಲಿನಲ್ಲಿ ಕೊರತೆಯಿರಲಿಲ್ಲ. ಅವಳ ಕೈಗೂ ಅದರ ಹಿಡಿಗೂ ನಡುವೆ ಕೊರತೆಯಿತ್ತು. ಮರುದಿನ ಅದನ್ನು ಬೆಂಚಿನ ಮೇಲಿಟ್ಟು ಪೂರ್ತಿ ಬಿಚ್ಚಿದೆ.

ಇಜ್-46ಎಂ ಕೆಲಸ ಮಾಡುವ ಬಗೆ ಸರಳ. ಬ್ಯಾರೆಲಿನ ಕೆಳಗೆ ಒಂದು ಉದ್ದನೆಯ ಲಿವರ್ ಇದೆ. ಅದನ್ನು ಮುಂದಕ್ಕೆ ಪೂರ್ತಿ ತೆರೆದು ಮತ್ತೆ ಹಿಂದಕ್ಕೆ ಮುಚ್ಚಿದರೆ ಕೊಳವೆಯೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಬಲ ಬೇಕಾಗುವುದು ಮುಚ್ಚುವಾಗ. ಒಂದು ಗುಂಡಿಗೆ ಒಂದೇ ಸಲ ಲಿವರ್ ಎಳೆಯಬೇಕು. ಪ್ರತಿಸಲವೂ ಒಂದೇ ಅಳತೆಯ ಗಾಳಿ ಸೇರುವುದರಿಂದ ಗುಂಡಿನ ವೇಗ ಒಂದೇ ಸಮನಾಗಿರುತ್ತದೆ, ಹೊಡೆದಾಗ ಕೈಗೆ ಒದೆತ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅವಧಿ ಮೀರುವ ಸಿಲಿಂಡರ್ ಇಲ್ಲ, ಗೇಜ್ ಇಲ್ಲ, ಗಾಳಿ ತುಂಬಿಸಲು ದೊಡ್ಡ ಟ್ಯಾಂಕ್ ಹುಡುಕುವ ಪಾಡಿಲ್ಲ. ರಜೆಗೆ ಇಂಡಿಯ ಅಜ್ಜಿಯ ಮನೆಗೆ ಹೋದ ಹುಡುಗಿ ಅಲ್ಲಿ 200 ಬಾರ್ ಗಾಳಿಯನ್ನು ಎಲ್ಲಿಂದ ತರಬೇಕು? ಕೈಪಂಪು ಸಿಗುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಅದು ಗಾಳಿಯೊಂದಿಗೆ ತೇವವನ್ನೂ ಸಿಲಿಂಡರಿನೊಳಗೆ ತಳ್ಳುತ್ತದೆ. ಲಿವರಿನ ಪಿಸ್ತೂಲಿಗೆ ಬೇಕಾದದ್ದು ಒಂದು ಡಬ್ಬಿ 4.5 ಮಿ.ಮೀ. ಪೆಲೆಟ್, ಅಂದರೆ ಸಣ್ಣ ಗುಂಡು, ಮಾತ್ರ. ಪಾಲಿಸಬೇಕಾದ ಎಚ್ಚರವೂ ಒಂದೇ: ಗಾಳಿ ಒತ್ತಿದ ಮೇಲೆ ಬಹಳ ಹೊತ್ತು ಹಾಗೆಯೇ ಇಡಬಾರದು, ಸೀಲ್ ಸೊರಗುತ್ತದೆ.

ಅದರ ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರ ಸುಮಾರು 360 ಮಿ.ಮೀ. ಈ ಅಂಕಿಯನ್ನು ನಾನು ಪ್ರತಿ ಹೊಸ ಶೂಟರ್‌ಗೂ ಲೆಕ್ಕ ಹಾಕಿ ತೋರಿಸುತ್ತೇನೆ. ಫ್ರಂಟ್ ಸೈಟ್ ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದ ಗುರಿಯಲ್ಲಿ ಗುಂಡು ಸುಮಾರು 28 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಹತ್ತರ ವೃತ್ತದ ಅಗಲ ಬರೀ 11.5 ಮಿ.ಮೀ.; ಆದ್ದರಿಂದ ಹತ್ತು ಆಗಬೇಕಾದದ್ದು ಏಳಾಗುತ್ತದೆ. ಆ ಒಂದು ಮಿಲಿಮೀಟರನ್ನು ತಡೆಯುವುದು ಪಿಸ್ತೂಲಿನ ಬೆಲೆಯಲ್ಲ, ಪ್ರತಿಸಲವೂ ಒಂದೇ ರೀತಿ ಕೈಗೆ ಬಂದು ಕೂರುವ ಹಿಡಿ.

ಹಿಡಿಯ ಕೆಲಸಕ್ಕೆ ಮೂರು ಸಂಜೆ ಬೇಕಾದವು. ಹುಡುಗಿಯ ಅಂಗೈಗೆ ಹೆಂಚಿನ ಮಸಿ ತೆಳ್ಳಗೆ ಬಳಿದು, ಕಣ್ಣು ಮುಚ್ಚಿ ಪಿಸ್ತೂಲು ಹಿಡಿಯಲು ಹೇಳಿದೆ. ಮಸಿ ದಟ್ಟವಾಗಿ ಅಂಟಿದ ಕಡೆ ಮರ ಹೆಚ್ಚಾಗಿದೆ ಎಂದರ್ಥ. ಅಂಟದ ಕಡೆ ಪೊಳ್ಳಿದೆ. ಹೆಬ್ಬೆರಳಿನ ಬುಡದಲ್ಲಿ ಕಪ್ಪಗೆ ಒಂದು ಉಂಡೆಯೇ ಮೂಡಿತು, ಬೆರಳುಗಳ ಬುಡದಲ್ಲಿ ಮರ ಬಿಳಿಚಿಕೊಂಡೇ ಇತ್ತು. ಉಬ್ಬಿದ್ದನ್ನು ಒರಟು ಅರದಿಂದ ತೆಗೆದು, ಪೊಳ್ಳಿದ್ದಲ್ಲಿ ಎಂ-ಸೀಲ್ ಕಲಸಿ ತುಂಬಿ, ಅದು ಬಿಗಿಯುವ ಮುನ್ನ ಒದ್ದೆ ಕೈಯಿಂದ ಅವಳೇ ಹಿಡಿದು ಒತ್ತುವಂತೆ ಮಾಡಿದೆ. ಅವಳ ಬೆರಳುಗಳ ಗೆರೆಗಳು ಅದರಲ್ಲಿ ಅಚ್ಚಾದವು. ಒಣಗಿದ ಮೇಲೆ ಸ್ಯಾಂಡ್ ಪೇಪರ್, ಮತ್ತೆ ಮಸಿ, ಮತ್ತೆ ಅರ. ಮಣಿಕಟ್ಟಿಗೆ ಯಾವ ಆಸರೆಯೂ ಸಿಗದಂತೆ, ಹಿಡಿಯ ಯಾವ ಭಾಗವೂ ಕೈಯನ್ನು ಸುತ್ತುವರಿಯದಂತೆ ನೋಡಿಕೊಳ್ಳಬೇಕು, ಅದೂ ನಿಯಮವೇ. ಮೂರನೆಯ ಸಂಜೆ ಅವಳು ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ತೆರೆದಾಗ ಫ್ರಂಟ್ ಸೈಟ್ ರಿಯರ್ ಸೈಟಿನ ಕಂಡಿಯ ನಟ್ಟನಡುವೆ ನಿಂತಿತ್ತು.

ಅವಳ ತಂದೆ ಸೆಕೆಂಡ್ ಹ್ಯಾಂಡ್ ಪಿಸ್ತೂಲಿಗೆ ಹೊಸ ಸಿಲಿಂಡರ್ ತರಿಸಿದರೂ, ಆ ವರ್ಷವೆಲ್ಲ ಅವಳು ಬೈಕಾಲನ್ನೇ ಹಿಡಿದಳು. ಪಂದ್ಯದಲ್ಲಿ 60 ಗುಂಡುಗಳಿಗೆ 75 ನಿಮಿಷ ಸಿಗುತ್ತದೆ, ಅಂದರೆ ಗುಂಡಿಗೆ 75 ಸೆಕೆಂಡು. ಲಿವರ್ ಎಳೆಯಲು ತಗಲುವ ಹೊತ್ತು ನಷ್ಟವೇನಲ್ಲ. ಹಿಂದಿನ ಗುಂಡಿನ ಬೇಸರವನ್ನು ಬಿಡಲು ಅವಳಿಗೆ ಅದೇ ಬಿಡುವಾಯಿತು. ಏಳು ಬಿದ್ದ ಕೂಡಲೇ ಅವಸರದಲ್ಲಿ ಇನ್ನೊಂದು ಹೊಡೆಯುತ್ತಿದ್ದ ಅವಳ ರೂಢಿ ಕಡಿಮೆಯಾದದ್ದನ್ನು ಮೊದಲು ಗಮನಿಸಿದವರು ಕೋಚ್. ಅಂದಹಾಗೆ, ದುಬಾರಿ ಪಿಸ್ತೂಲೆಂದರೆ ಚಿಂತೆಯಿಲ್ಲದ ಪಿಸ್ತೂಲೆಂದು ಭಾವಿಸುವವರು ಟೋಕಿಯೋದಲ್ಲಿ ಮನು ಭಾಕರ್‌ಗೆ ಆದದ್ದನ್ನು ನೆನೆಯಬೇಕು. ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲನ್ನು ಹೊಡೆಯಲು ಅಣಿಗೊಳಿಸುವ ಕಾಕಿಂಗ್ ಲಿವರ್ ಮುರಿದು ಅಮೂಲ್ಯ ನಿಮಿಷಗಳು ಕಳೆದವು. 575 ಅಂಕಗಳೊಂದಿಗೆ ಅವರು 12ನೆಯ ಸ್ಥಾನಕ್ಕೆ ನಿಂತರು. ಯಂತ್ರವೆಂದ ಮೇಲೆ ಯಾವುದೂ ಕೈಕೊಡಬಹುದು, ಸರಳವಾದದ್ದನ್ನು ಸರಿಪಡಿಸುವುದು ಸುಲಭ.

ಇದರ ಮಿತಿಗಳನ್ನೂ ಹೇಳಲೇಬೇಕು. ಅಭ್ಯಾಸದ ಗುಂಡುಗಳೂ ಸೇರಿ ಒಂದು ಪಂದ್ಯಕ್ಕೆ ಎಂಬತ್ತು ತೊಂಬತ್ತು ಸಲ ಲಿವರ್ ಮುಚ್ಚುವುದು ತೀರಾ ಚಿಕ್ಕ ಮಕ್ಕಳಿಗೆ ಆಗದ ಕೆಲಸ. ಅವರ ಕೈಗೆ ನಾನು ಇದನ್ನು ಕೊಡುವುದಿಲ್ಲ. ಹೊಸ ಪಿಸ್ತೂಲು, ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ. ಎಷ್ಟೋ ಸೀಲ್‌ಗಳನ್ನು ಅಳತೆ ಕೊಟ್ಟು ಭೋಸರಿಯಲ್ಲೇ ಮಾಡಿಸಿದ್ದೇನೆ, ಅದಕ್ಕೆ ನೆರವಾದವರು ಆ ಹುಡುಗಿಯ ತಂದೆಯೇ.

ಹೀಗೆ ಮೂಲೆ ಸೇರಿದ್ದು ಬೈಕಾಲ್ ಒಂದೇ ಅಲ್ಲ. ಜರ್ಮನಿಯ ಫೈನ್‌ವೆರ್ಕ್‌ಬೌ 65 ಸ್ಪ್ರಿಂಗಿನ ಪಿಸ್ತೂಲು. ಹೊಡೆದಾಗ ಮೇಲ್ಭಾಗ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತವನ್ನು ನುಂಗಿಕೊಳ್ಳುತ್ತದೆ. ಟ್ರಿಗರ್ ತೂಕವನ್ನು 500 ಗ್ರಾಂನಿಂದ 1,360 ಗ್ರಾಂಗೆ ಬದಲಿಸುವ ಏರ್ಪಾಡು ಅದರಲ್ಲೇ ಇದೆ. ಮುಂದೆ ಇನ್ನೂ ಭಾರದ ಟ್ರಿಗರ್ ಬೇಕಾಗುವ 25 ಮೀಟರ್ ವಿಭಾಗಕ್ಕೆ ಹೋಗುವವರಿಗೆ ಅಭ್ಯಾಸಕ್ಕೆ ಹಳೆಯ ಪಿಸ್ತೂಲುಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ತೂಲಾ ಕಾರ್ಖಾನೆಯ ಟೋಜ್-35ರ ಪಾಡು ಇನ್ನೂ ಬೇಸರದ್ದು. ಅದು 50 ಮೀಟರ್ ಪಿಸ್ತೂಲು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ ಸ್ಪರ್ಧಿಸಿದ ಆ ವಿಭಾಗವನ್ನೇ ಆಮೇಲೆ ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಅದರೊಂದಿಗೆ ಅಷ್ಟು ನಾಜೂಕು ಟ್ರಿಗರಿನ ಪಿಸ್ತೂಲನ್ನು ಕೇಳುವವರೂ ಕಡಿಮೆಯಾದರು.

ಈಗ ಹೊಸ ಪಿಸ್ತೂಲು ಕೊಡಿಸಿರೆಂದು ಬರುವವರಿಗೆ ನಾನು ಮೊದಲು ಹೇಳುವುದು ಮಗುವನ್ನು ಬೆಂಚಿನ ಹತ್ತಿರ ಕೂರಿಸಿ ಎಂದು. ಅಂಗೈ ಅಳೆಯುತ್ತೇನೆ, ಲಿವರ್ ಮುಚ್ಚಿಸಿ ನೋಡುತ್ತೇನೆ, ಮನೆ ಎಲ್ಲಿ, ಗಾಳಿ ಎಲ್ಲಿ ತುಂಬಿಸುತ್ತೀರಿ ಎಂದು ಕೇಳುತ್ತೇನೆ. ಸಿಲಿಂಡರ್ ಇರುವ ಪ್ರತಿ ಪಿಸ್ತೂಲಿನ ದಿನಾಂಕ ಗೋಡೆಯ ಪಟ್ಟಿಯಲ್ಲಿ ಕೆಂಪು ಅಕ್ಷರದಲ್ಲಿದೆ.

ಆ ಹುಡುಗಿ ಈಗ ತನ್ನ ಸಿಲಿಂಡರ್ ಪಿಸ್ತೂಲಿಗೆ ಮರಳಿದ್ದಾಳೆ, ಬೈಕಾಲ್ ಗದಗದ ಕಡೆಯ ಒಬ್ಬ ಹುಡುಗನ ಪಾಲಿಗೆ ಬಂದಿದೆ. ಅವನು ಎಡಗೈಯವನು. ಲಿವರ್ ಬ್ಯಾರೆಲಿನ ಕೆಳಗೆ ನಡುವಿನಲ್ಲೇ ಇರುವುದರಿಂದ ಹಿಡಿ ಒಂದನ್ನು ಬದಲಿಸಿದರೆ ಸಾಕು. ಹಳೆಯ ಹಿಡಿಯನ್ನು ಕೆತ್ತಬೇಡಿರೆಂದು ಅವಳು ಕೇಳಿಕೊಂಡಿದ್ದಾಳೆ. ಅದನ್ನು ಹಾಗೆಯೇ ತೆಗೆದಿಟ್ಟಿದ್ದೇನೆ. ಭವಾನಿ ಪೇಠದ ಟಿಂಬರ್ ಮಾರ್ಕೆಟಿನಿಂದ ಶೀಸಮಿನ ಒಂದು ತುಂಡು ತಂದಿದ್ದೇನೆ, ಶನಿವಾರ ಸಂಜೆ ಹುಡುಗನಿಗೆ ಬರಹೇಳಿದ್ದೇನೆ.