ಏನೂ ತಗೊಳ್ಳದೆ ಎಸ್.ಪಿ. ರೋಡಿಗೆ ಯಾಕೆ ಹೋಗ್ತೀರಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಓದುವವರು ಓದಲಿ.

ತಿಂಗಳಿಗೊಂದು ಶನಿವಾರ ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತೇನೆ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಟೌನ್‌ಹಾಲ್ ಹತ್ತಿರ, ಕಂಪ್ಯೂಟರ್ ಸಾಮಾನಿನ ಅಂಗಡಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವ ರಸ್ತೆ. ಅಲ್ಲಿ ಹೊಸದಾಗಿ ಬಂದ ಮದರ್‌ಬೋರ್ಡು, ಪ್ರೊಸೆಸರ್ ನೋಡುತ್ತೇನೆ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಮದರ್‌ಬೋರ್ಡ್ ಅಂದರೆ ಅದನ್ನೂ ಉಳಿದ ಭಾಗಗಳನ್ನೂ ಕೂರಿಸುವ ಹಲಗೆ. ರೇಟು ಕೇಳುತ್ತೇನೆ. ಊಟದ ಹೊತ್ತಿಗೆ ಮನೆಗೆ ಬರುತ್ತೇನೆ. ಹೆಚ್ಚಿನ ಸಲ ಬರಿಗೈಯಲ್ಲೇ ಬರುತ್ತೇನೆ.

ಇಷ್ಟಕ್ಕೆ ಆಫೀಸಿನಲ್ಲಿ, ಮನೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಒಂದೇ ಪ್ರಶ್ನೆ. ಮೊನ್ನೆ ನನ್ನ ಷಡ್ಡಕರೂ ಕೇಳಿದರು: "ಎಲ್ಲಾ ಮೊಬೈಲಲ್ಲೇ ಕಾಣುತ್ತಲ್ರೀ, ಸುಮ್ನೆ ಅಲ್ಲಿಗೆ ಯಾಕೆ ಹೋಗ್ತೀರಿ?"

ನನಗೆ ಸಿಟ್ಟು ಬರುವುದು ಆ "ಸುಮ್ನೆ" ಅನ್ನೋ ಮಾತಿಗೆ. ಅಲ್ಲೇ ಸ್ವಲ್ಪ ದೂರ ನಡೆದರೆ ಚಿಕ್ಕಪೇಟೆ. ಒಂದು ರೇಷ್ಮೆ ಸೀರೆಗೆ ಮನೆಮಂದಿಯೆಲ್ಲ ಹೋಗಿ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ರಾಶಿ ಸೀರೆ ಬಿಡಿಸಿ ಹಾಕಿಸುತ್ತೇವೆ. ಸೆರಗು ಹರಡಿ, ಜರಿ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು ಬಣ್ಣ ನೋಡುತ್ತೇವೆ. ಕೊನೆಗೆ "ಮತ್ತೆ ಬರ್ತೀವಿ" ಅಂತ ಎದ್ದು ಬರುತ್ತೇವೆ. ಅದನ್ನು ಯಾರೂ ಸುಮ್ನೆ ಅನ್ನಲ್ಲ. ತೆಂಗಿನಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ನೀರಿದೆಯಾ ಅಂತ ಕೇಳಿಸಿಕೊಂಡೇ ತಗೊಳ್ಳುತ್ತೇವೆ. ಹದಿನೈದು ಸಾವಿರದ ಬೋರ್ಡನ್ನು ಕಣ್ಣಾರೆ ನೋಡಲು ಹೋದರೆ ಮಾತ್ರ ಅದು ಸುಮ್ನೆ ಹೇಗಾಯಿತು?

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ. ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹೌದು, ಹಬ್ಬದ ಸೇಲ್‌ನಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿಯೂ ಸೇರಿದರೆ ಆನ್‌ಲೈನ್ ರೇಟು ಕಡಿಮೆ ಇರಬಹುದು. ಉಳಿದ ದಿನ ಅಂಗಡಿಯಲ್ಲಿ ಪ್ರೊಸೆಸರ್, ಬೋರ್ಡ್ ಎರಡೂ ಒಟ್ಟಿಗೆ ತಗೊಂಡರೆ ಚೌಕಾಸಿಗೆ ಜಾಗ ಇರುತ್ತದೆ. "ಬಿಲ್ ಬೇಕಾ ಸಾರ್?" ಅಂತ ಯಾರಾದರೂ ಕೇಳಿದರೆ ಬೇಕು ಅನ್ನಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳ್ಕೊಳ್ಳಬೇಡಿ.

ನಾನೂ ಒಂದು ಕಾಲದಲ್ಲಿ ಎಲ್ಲಾ ಮೊಬೈಲಲ್ಲೇ ತರಿಸುತ್ತಿದ್ದೆ. 2021ರಲ್ಲಿ ಒಂದು ಬೋರ್ಡು ತರಿಸಿದೆ. ದೀಪಾವಳಿ ರಜೆಯಲ್ಲಿ ಜೋಡಿಸೋಣ ಅಂತ ಡಬ್ಬಿ ಬಿಚ್ಚದೆ ಅಟ್ಟದ ಮೇಲಿಟ್ಟೆ. ರಜೆಯಲ್ಲಿ ತೆಗೆದು ನೋಡಿದರೆ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮೂಲೆಯಲ್ಲಿ ಎರಡು ಪಿನ್ ಬಾಗಿವೆ. ವಾಪಸ್ ಕೊಡುವ ಗಡುವು ಮುಗಿದಿತ್ತು. ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದೆ. "ಫಿಸಿಕಲ್ ಡ್ಯಾಮೇಜ್ ಸಾರ್, ವಾರಂಟಿ ಬರಲ್ಲ" ಅಂದರು. ನಾನು ಬಗ್ಗಿಸಿಲ್ಲ ಅಂತ ಯಾವ ಸಾಕ್ಷಿ ತರಲಿ? ಆ ಬೋರ್ಡು ಇನ್ನೂ ಮನೆಯಲ್ಲಿದೆ. ಅವತ್ತಿನಿಂದ ಕೌಂಟರ್ ಮೇಲೆ ಡಬ್ಬಿ ಬಿಚ್ಚಿಸಿ, ಟಾರ್ಚ್ ಹಾಕಿ ನೋಡದೆ ಒಂದು ಬೋರ್ಡನ್ನೂ ಮನೆಗೆ ತಂದಿಲ್ಲ.

ಆದರೆ ತಿಂಗಳು ತಿಂಗಳೂ ಹೋಗುವುದಕ್ಕೆ ಕಾರಣ ಆ ಬೋರ್ಡ್ ಒಂದೇ ಅಲ್ಲ. ಅದನ್ನು ಹೇಳಬೇಕಾದರೆ 2024ರ ಆಗಸ್ಟಿನ ಒಂದು ಶನಿವಾರದ ಕಥೆ ಹೇಳಬೇಕು.

ಎಎಂಡಿ ಕಂಪನಿಯ ರೈಜೆನ್ 9000 ಸರಣಿ ಮಾರುಕಟ್ಟೆಗೆ ಬಂದ ತಿಂಗಳು ಅದು. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೇ ಕೂರುವ ಹೊಸ ಪ್ರೊಸೆಸರ್‌ಗಳು. ಸಾಕೆಟ್ ಅದೇ ಆದರೂ ಹಳೆ ಸ್ಟಾಕಿನ ಬೋರ್ಡಿಗೆ ಅದನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಆಗದೆ ಹೊಸ ಪ್ರೊಸೆಸರ್ ಗುರುತು ಸಿಗಲ್ಲ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಆ ಸಾಕೆಟ್ಟಿನ ಬಿ650 ಬೋರ್ಡಿನ ಡಬ್ಬಿಗಳ ಮೇಲೆ "9000 ರೆಡಿ" ಅನ್ನೋ ಸ್ಟಿಕ್ಕರ್ ಬಂದಿದೆಯಾ ಅಂತ ನೋಡಲು ಹೋಗಿದ್ದೆ. ಮೊಬೈಲಿನಲ್ಲಿ ಬೋರ್ಡಿನ ಫೋಟೋ ಇರುತ್ತದೆ. ಗೋಡೌನಿನಲ್ಲಿ ಕೂತಿರುವುದು ಯಾವ ತಿಂಗಳ ಡಬ್ಬಿ ಅನ್ನೋದು ಇರಲ್ಲ.

ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ಹೋದೆ. ಮಳೆ ಬಂದು ನಿಂತಿತ್ತು. ಕಾರ್ಟನ್ ಹೊತ್ತವರು "ಸೈಡು ಸೈಡು" ಅಂತ ಕೂಗುತ್ತಾ ನೀರು ಹಾರಿಸಿಕೊಂಡು ಓಡಾಡುತ್ತಿದ್ದರು. ನಾನು ಮಾಮೂಲಿ ಹೋಗುವ ಅಂಗಡಿಯಲ್ಲಿ ಕೌಂಟರ್ ಮುಂದೆ ಒಬ್ಬ ಹುಡುಗ, ಅವನ ಪಕ್ಕ ಅವರಪ್ಪ. ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವೆಲ್. ಗುಬ್ಬಿ ಕಡೆಯವರು. ಹುಡುಗನಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು.

ಹುಡುಗ ಮೊಬೈಲಿನಲ್ಲಿದ್ದ ಪಟ್ಟಿ ಓದುತ್ತಿದ್ದ. ಅಂಗಡಿಯವರು ಮೂರು ಗಿರಾಕಿಗಳಿಗೆ ಒಟ್ಟಿಗೆ ಬಿಲ್ ಹಾಕುತ್ತಾ, ಅವನು ಹೇಳಿದ್ದನ್ನು ಎತ್ತೆತ್ತಿ ಇಡುತ್ತಿದ್ದರು. ಇಂಟೆಲ್ ಐ5 12400ಎಫ್ ಪ್ರೊಸೆಸರ್. ಎಚ್610 ಬೋರ್ಡು. 16 ಜಿಬಿ ರ್‍ಯಾಮ್. ಎಸ್‌ಎಸ್‌ಡಿ. ಕ್ಯಾಬಿನೆಟ್. ಮಾನಿಟರ್. ಪಟ್ಟಿ ಅಲ್ಲಿಗೆ ಮುಗಿಯಿತು.

ನನಗೆ ತಡೆಯಲಾಗಲಿಲ್ಲ. "ಗ್ರಾಫಿಕ್ಸ್ ಕಾರ್ಡ್ ಎಲ್ಲಪ್ಪಾ?" ಅಂದೆ.

"ಅದು ಮುಂದಿನ ವರ್ಷ ಹಾಕಿಸ್ಕೊಳ್ತೀನಿ ಅಂಕಲ್."

"ಅಲ್ಲಿವರೆಗೂ ಸ್ಕ್ರೀನ್ ಮೇಲೆ ಏನೂ ಬರಲ್ಲವಲ್ಲೋ."

ಇಂಟೆಲ್ ಪ್ರೊಸೆಸರಿನ ನಂಬರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ ಇಲ್ಲ ಅಂತ ಅರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇರುತ್ತದೆ, ವೈರ್ ಚುಚ್ಚಬಹುದು, ಚಿತ್ರ ಮಾತ್ರ ಬರಲ್ಲ. ಬೇರೆ ಕಾರ್ಡ್ ಹಾಕಲೇಬೇಕು. ಅವನು ನೋಡಿದ ವಿಡಿಯೋದಲ್ಲಿ ಕಾರ್ಡ್ ಇತ್ತು. ದುಡ್ಡು ಸಾಲದೆ ಇವನು ಅದೊಂದನ್ನು ಪಟ್ಟಿಯಿಂದ ತೆಗೆದಿದ್ದ. ಊರಿಗೆ ಹೋಗಿ, ಎಲ್ಲಾ ಜೋಡಿಸಿ, ಕಪ್ಪು ಪರದೆ ಮುಂದೆ ಆ ಮಗು ಕೂತಿರುವುದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಎಫ್ ಇಲ್ಲದ 12400ಕ್ಕೆ ಎರಡು ಮೂರು ಸಾವಿರ ಜಾಸ್ತಿ ಇತ್ತು, ಅಷ್ಟೇ. ಅಂಗಡಿಯವರು ತಲೆ ಎತ್ತಿ ನೋಡಿ "ಸಾರ್ ಹೇಳೋದು ಸರಿ" ಅಂದರು. ಡಬ್ಬಿ ಬದಲಾಯಿತು.

ಅವರಪ್ಪ ಅಲ್ಲಿಯವರೆಗೆ ಸುಮ್ಮನಿದ್ದವರು ನನ್ನ ಕಡೆ ತಿರುಗಿದರು.

"ನೀವು ಅಂಗಡೀವ್ರಾ ಸ್ವಾಮಿ?"

"ಅಲ್ಲ ಯಜಮಾನ್ರೇ."

"ಮತ್ತೆ ಏನ್ ತಗಳಾಕೆ ಬಂದ್ರಿ?"

"ಏನೂ ಇಲ್ಲ. ಹೊಸದು ಬಂದಿದೆ, ನೋಡೋಕೆ ಬಂದೆ."

ಇವರೂ ಈಗ "ಸುಮ್ನೆ" ಅಂತಾರೆ ಅಂದುಕೊಂಡೆ. ಅನ್ನಲಿಲ್ಲ.

"ನಾವೂ ಅಂಗೇಯ. ಸಿದ್ಧಗಂಗೆ ದನದ ಜಾತ್ರೆಗೆ ವರ್ಸಾ ವರ್ಸಾ ಹೋಗ್ತೀವಿ. ಎತ್ತು ತಗಳಾದು ಯಾವಾಗ್ಲೋ ಒಂದ್ಸಲ. ತಗಳಾ ವರ್ಸ ಒಂದೇ ಹೋಗಿ ನೋಡಿದ್ರೆ ಏನ್ ಗೊತ್ತಾಯ್ತದೆ?" ಅಂದರು. ಆಮೇಲೆ ಬೋರ್ಡಿನ ಡಬ್ಬಿ ಕಡೆ ಬೆರಳು ಮಾಡಿ, "ಇದ್ರಲ್ಲಿ ಹಲ್ಲು ಎಲ್ಲೈತೆ? ಸುಳಿ ಎಲ್ಲೈತೆ? ತೋರ್ಸಿ" ಅಂದರು. ಎತ್ತಿನ ವಯಸ್ಸು ಹಲ್ಲಿನಲ್ಲಿ, ಲಕ್ಷಣ ಮೈಮೇಲಿನ ಕೂದಲಿನ ಸುಳಿಯಲ್ಲಿ ನೋಡುತ್ತಾರೆ.

ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಕಾದಿದ್ದ ಪ್ರಶ್ನೆ ಅದು. ಯಾಕೆ ಹೋಗ್ತೀರಿ ಅಂತ ನೂರು ಜನ ಕೇಳಿದ್ದಾರೆ. ಎಲ್ಲಿ ನೋಡ್ತೀರಿ ಅಂತ ಕೇಳಿದವರು ಅವರೊಬ್ಬರೇ.

ಡಬ್ಬಿ ಬಿಚ್ಚಿಸಿದೆ. ಮೊದಲು ಸಾಕೆಟ್. ಮೇಲಿನ ಲೋಹದ ಚೌಕಟ್ಟನ್ನು ಅದರ ಪ್ಲಾಸ್ಟಿಕ್ ಮುಚ್ಚಳದ ಸಮೇತ ಎತ್ತಿ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದೆ. ಒಂದು ಬಿಸ್ಕತ್ತಿನಷ್ಟು ಜಾಗದಲ್ಲಿ 1700 ಪಿನ್. ಎಲ್ಲಾ ಸರಿ ಇದ್ದರೆ ಸಾಲು ಹಿಡಿದು ನಾಟಿ ಮಾಡಿದ ಪೈರಿನ ಹಾಗೆ ಒಂದೇ ಸಮನೆ ಮಿನುಗುತ್ತವೆ. ಒಂದು ಬಾಗಿದ್ದರೂ ಅಲ್ಲಿ ಬೆಳಕು ತಪ್ಪುತ್ತದೆ. ನೇರ ಮೇಲಿನಿಂದ ನೋಡಿದರೆ ಕಾಣಲ್ಲ. ಯಜಮಾನರು ಬಗ್ಗಿ, ಒಂದು ಕಣ್ಣು ಮುಚ್ಚಿ, ನಾಲ್ಕೂ ಕಡೆಯಿಂದ ನೋಡಿದರು. "ಸರಿಯಾಗವೆ" ಅಂದರು.

ಆಮೇಲೆ ಸಾಕೆಟ್ಟಿನ ಸುತ್ತ. ಕರೆಂಟು ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬರುತ್ತದೆ, ಪ್ರೊಸೆಸರಿಗೆ ಬೇಕಾದದ್ದು ಒಂದು ಚಿಲ್ಲರೆ ವೋಲ್ಟ್. ಇಳಿಸಿ ಕೊಡುವ ಕೆಲಸ ಅಲ್ಲಿರುವ ಸಣ್ಣ ಕಪ್ಪು ಚಿಪ್‌ಗಳದ್ದು. ವಿಆರ್‌ಎಂ ಅನ್ನುತ್ತಾರೆ. ಇಳಿಸುವಾಗ ಅವು ಬಿಸಿಯಾಗುತ್ತವೆ. ಒಳ್ಳೆ ಬೋರ್ಡಿನಲ್ಲಿ ಅವುಗಳ ಮೇಲೆ ಬಿಸಿ ಎಳೆದುಕೊಳ್ಳುವ ಲೋಹದ ದಪ್ಪ ಹೀಟ್‌ಸಿಂಕ್ ಕೂತಿರುತ್ತದೆ. ಈ ಬೋರ್ಡಿನಲ್ಲಿ ಬರಿ ಮೈ. 12400 ಹೆಚ್ಚೆಂದರೆ 117 ವ್ಯಾಟ್ ಎಳೆಯುತ್ತದೆ, ಅಷ್ಟು ಭಾರಕ್ಕೆ ಸಾಕು. ನಾಳೆ ಇದಕ್ಕೇ 241 ವ್ಯಾಟಿನ ಐ9 12900ಕೆ ತಂದು ಹಾಕಿದರೆ ಕೂರುತ್ತದೆ, ಆನ್ ಆಗುತ್ತದೆ, ದಮ್ಮು ಕಟ್ಟಿ ನಿಧಾನ ಆಗುತ್ತದೆ. ಹುಡುಗನಿಗೆ ಇದನ್ನು ಎರಡು ಸಲ ಹೇಳಿದೆ. ಎಂಟು ಸಾವಿರದ ಬೋರ್ಡಿಗೂ ಹದಿನೆಂಟು ಸಾವಿರದ ಬೋರ್ಡಿಗೂ ಇರುವ ವ್ಯತ್ಯಾಸದಲ್ಲಿ ಮುಖ್ಯವಾದದ್ದು ಇಲ್ಲೇ ಇದೆ, ಬಣ್ಣದ ಲೈಟಿನಲ್ಲಿ ಅಲ್ಲ.

ಆಮೇಲೆ ರ್‍ಯಾಮ್ ಕಿಂಡಿ. ಎಚ್610 ಅಂದರೆ ಎರಡೇ ಕಿಂಡಿ. ಈ ಸಾಕೆಟ್ಟಿಗೆ ಹಳೆ ತಲೆಮಾರಿನ ಡಿಡಿಆರ್4 ರ್‍ಯಾಮಿನ ಬೋರ್ಡೂ ಬರುತ್ತದೆ, ಹೊಸ ಡಿಡಿಆರ್5 ರ್‍ಯಾಮಿನ ಬೋರ್ಡೂ ಬರುತ್ತದೆ. ಎರಡು ರ್‍ಯಾಮಿಗೂ 288 ಪಿನ್, ಉದ್ದವೂ ಒಂದೇ. ಕೆಳಗಿನ ಕಚ್ಚು ಮಾತ್ರ ಸ್ವಲ್ಪ ಆಚೀಚೆ. ಕೌಂಟರ್ ಮೇಲೆ ಎರಡನ್ನೂ ಜೋಡಿಸಿ ಹಿಡಿದು ತೋರಿಸಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಒತ್ತಿದರೆ ಮುರಿಯುತ್ತದೆ. ಒಂದು ಸಲ ಕೈಯಲ್ಲಿ ಹಿಡಿದು ನೋಡಿದವರು ಅದನ್ನು ಜನ್ಮದಲ್ಲಿ ಮರೆಯಲ್ಲ.

ಇನ್ನೊಂದು ವಿಷಯ ಅವತ್ತು ತೋರಿಸಲಿಲ್ಲ, ಅಂಗಡಿಯವರ ಮುಂದೆ ಸರಿ ಇರಲ್ಲ ಅಂತ. ಇಲ್ಲಿ ಹೇಳುತ್ತೇನೆ. ಅಂಗಡಿಯ ಹಿಂದಿನ ಮೂಲೆಯಲ್ಲಿ ಒಂದು ರಾಶಿ ಇರುತ್ತದೆ. ವಾರಂಟಿಗೆ ವಾಪಸ್ ಬಂದ ಬೋರ್ಡುಗಳು. ಒಂದೊಂದರ ಮೇಲೂ ಪೆನ್ನಿನಲ್ಲಿ ಬರೆದ ಚೀಟಿ: ಡಿಸ್‌ಪ್ಲೇ ಇಲ್ಲ, ಆನ್ ಆಗಲ್ಲ, ಲ್ಯಾನ್ ಇಲ್ಲ. ನಾನು ಒಳಗೆ ಹೋದ ಕೂಡಲೇ ಮೊದಲು ನೋಡುವುದು ಆ ರಾಶಿ. ಯಾವ ಮಾಡೆಲ್ ಪದೇ ಪದೇ ಕಾಣುತ್ತಿದೆ, ಯಾವುದು ತಿಂಗಳಾದರೂ ಅಲ್ಲೇ ಬಿದ್ದಿದೆ ಅನ್ನೋದು ಕಣ್ಣಿಗೆ ಬೀಳುತ್ತದೆ. ಹೊಸ ಬೋರ್ಡ್ ಬಂದ ದಿನವೇ ಅದರ ಫೋಟೋ, ವಿಡಿಯೋ ಲೋಕಕ್ಕೆಲ್ಲ ಸಿಗುತ್ತದೆ. ಮೂರು ತಿಂಗಳ ಮೇಲೆ ನಮ್ಮೂರಿನ ಧೂಳು, ನಮ್ಮೂರಿನ ಕರೆಂಟು ತಿಂದು ಅದೇ ಬೋರ್ಡ್ ಚೀಟಿ ಅಂಟಿಸಿಕೊಂಡು ಬಂದದ್ದನ್ನು ಯಾರೂ ಮೊಬೈಲಿನಲ್ಲಿ ಹಾಕಲ್ಲ. ಅದಕ್ಕೆ ಹೋಗಿಯೇ ನೋಡಬೇಕು. ತಿಂಗಳು ತಿಂಗಳೂ ಹೋಗಬೇಕು.

ಅವತ್ತು ಅಂಗಡಿಯಲ್ಲೇ ಪ್ರೊಸೆಸರ್ ಕೂರಿಸಿ ಲಿವರ್ ಒತ್ತಿದಾಗ ಸಾಕೆಟ್ಟಿನ ಕಪ್ಪು ಮುಚ್ಚಳ ಟಕ್ಕಂತ ಮೇಲೆದ್ದು ಬಂತು. ಅಂಗಡಿ ಹುಡುಗ ಅದನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದ. ತಡೆದೆ. ನಾಳೆ ಬೋರ್ಡನ್ನು ವಾರಂಟಿಗೆ ಕೊಡುವಾಗ ಆ ಮುಚ್ಚಳ ಹಾಕಿಯೇ ಕೊಡಬೇಕು. ಇಲ್ಲದಿದ್ದರೆ ದಾರಿಯಲ್ಲಿ ಪಿನ್ ಬಾಗುತ್ತವೆ. ಯಜಮಾನರು ಅದನ್ನು ಇಸ್ಕೊಂಡು, ಬಿಲ್ಲಿನಲ್ಲಿ ಸುತ್ತಿ, ತಮ್ಮ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು. ಹೊರಡುವಾಗ ಅಂದರು: "ಶಿವರಾತ್ರಿ ಜಾತ್ರೇಲಿ ಬನ್ನಿ ಸ್ವಾಮಿ. ತಗಳಾದೇನೂ ಬ್ಯಾಡ. ನೋಡಾಕೆ ಬನ್ನಿ."

2025ರ ಫೆಬ್ರವರಿಯಲ್ಲಿ ಹೋದೆ. ಅವರೇ ಕರೆದುಕೊಂಡು ತಿರುಗಾಡಿಸಿದರು. ಒಂದು ಹಳ್ಳಿಕಾರ್ ಜೋಡಿಯ ಮುಂದೆ ನಿಂತು, ಒಂದು ಎತ್ತಿನ ಕೆಳದುಟಿ ಹಿಡಿದು ಇಳಿಸಿ, "ಎಣಿಸಿ" ಅಂದರು. ನಾಲ್ಕು ಹಲ್ಲು ಬಂದಿತ್ತು. ಎಂಟೂ ಬಂದರೆ ಬಾಯಿಗೂಡಿತು ಅಂತ ಹೇಳಿಕೊಟ್ಟರು. ನಾವು ಕೊಳ್ಳುವವರಲ್ಲ ಅಂತ ಎತ್ತಿನ ಒಡೆಯನಿಗೆ ಗೊತ್ತಿತ್ತು. ಆದರೂ ಗೂಟದಿಂದ ಹಗ್ಗ ಬಿಚ್ಚಿ, "ನಡಿಗೆ ನೋಡಿ" ಅಂತ ಎರಡನ್ನೂ ನಮ್ಮ ಮುಂದೆ ಹತ್ತು ಹೆಜ್ಜೆ ನಡೆಸಿ ತೋರಿಸಿದ.